ವಾಹೂ ಜಲಾಂತರ್ಗಾಮಿಯ ಮಾರ್ಟನ್: ಹತ್ತು ಟಾರ್ಪೆಡೊ ಹುಸಿಯಾದದ್ದು ಗುರಿಯ ತಪ್ಪೇ?

ಪ್ರಶ್ನೆ – ಕಡಲಂಚು

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಹೂ ಜಲಾಂತರ್ಗಾಮಿಯ ಕಮಾಂಡರ್ ಆಗಿದ್ದ ಡಡ್ಲಿ ಮಾರ್ಟನ್ ಬಗ್ಗೆ ಓದುತ್ತಿದ್ದೇನೆ. 1942ರ ಡಿಸೆಂಬರ್ 31ರಂದು ಅಧಿಕಾರ ವಹಿಸಿಕೊಂಡ, 1943ರ ಅಕ್ಟೋಬರ್ 11ರಂದು ಇಡೀ ಸಿಬ್ಬಂದಿಯೊಂದಿಗೆ ಮುಳುಗಿದ. ಒಂಬತ್ತು ತಿಂಗಳು ಚಿಲ್ಲರೆ ದಿನಗಳಲ್ಲಿ, ಯುದ್ಧಾನಂತರದ ಲೆಕ್ಕದ ಪ್ರಕಾರ, 19 ಹಡಗು ಮುಳುಗಿಸಿದ್ದಾನೆ. ನಾಲ್ಕನೇ ಗಸ್ತಿನಲ್ಲಿ ಹಳದಿ ಸಮುದ್ರದಲ್ಲೇ ಒಂಬತ್ತು. ಆದರೆ ಆಗಸ್ಟಿನ ಆರನೇ ಗಸ್ತಿನಲ್ಲಿ ಜಪಾನ್ ಸಮುದ್ರಕ್ಕೆ ನುಗ್ಗಿ ಒಂಬತ್ತು ದಾಳಿಗಳಲ್ಲಿ ಹತ್ತು ಟಾರ್ಪೆಡೊ ಬಿಟ್ಟರೂ ಒಂದು ಹಡಗೂ ಮುಳುಗಲಿಲ್ಲ. ಅದೇ ಮನುಷ್ಯನಿಗೆ ಇದು ಹೇಗಾಯಿತು? ಇನ್ನೊಂದು: ದಾಳಿಯ ಹೊತ್ತಿನಲ್ಲಿ ಪೆರಿಸ್ಕೋಪನ್ನು ತಾನು ನೋಡದೆ ಉಪಾಧಿಕಾರಿ ಓಕೇನ್‌ಗೆ ಬಿಡುತ್ತಿದ್ದನಂತೆ. ಯಾಕೆ?

ಉತ್ತರ – ಆಳಮಾಪಕ

ಮೊದಲು ಪೆರಿಸ್ಕೋಪ್. ಅದನ್ನು ನೀರಿನ ಮೇಲೆ ಎತ್ತುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ನೋಡುವವನು ಮೂರು ಸಂಗತಿ ಹೇಳಬೇಕು: ಗುರಿಯ ದಿಕ್ಕು, ದೂರ, ಮತ್ತು ಗುರಿಹಡಗಿನ ಮೂತಿ ನಮ್ಮ ನೋಟದ ಗೆರೆಯಿಂದ ಎಷ್ಟು ಕೋನ ಹೊರಳಿದೆ ಎಂಬುದು. ದೂರ ಅಳೆಯುವುದು ಕೂವೆಮರದ ಎತ್ತರದ ಅಂದಾಜಿನ ಮೇಲೆ. 60 ಅಡಿಯ ಕೂವೆಯನ್ನು 80 ಎಂದುಕೊಂಡರೆ ದೂರವೂ ಮೂರನೇ ಒಂದು ಪಾಲು ಹೆಚ್ಚಾಗಿ ಬರುತ್ತದೆ. ಈ ಅಂಕಿಗಳು ಟಾರ್ಪೆಡೊ ಲೆಕ್ಕಯಂತ್ರಕ್ಕೆ ಹೋಗುತ್ತವೆ. ಯಂತ್ರ ತೋರಿಸುವುದಕ್ಕೂ ಮುಂದಿನ ನೋಟಕ್ಕೂ ತಾಳೆಯಾಗದಿದ್ದರೆ ಗುರಿಯ ವೇಗ ಅಥವಾ ಕೋನವನ್ನು ತಿದ್ದಬೇಕು.

ವೇಗದ ತಪ್ಪು ಎಷ್ಟು ದುಬಾರಿ ಎಂದು ನೋಡಿ. 46 ನಾಟ್ (ಗಂಟೆಗೆ ಸುಮಾರು 85 ಕಿ.ಮೀ.) ವೇಗದ ಟಾರ್ಪೆಡೊ 1,000 ಗಜ ಕ್ರಮಿಸಲು ಸುಮಾರು 39 ಸೆಕೆಂಡು ಬೇಕು. ಗುರಿಯ ವೇಗವನ್ನು ಬರೀ 3 ನಾಟ್ ತಪ್ಪಾಗಿ ಎಣಿಸಿದ್ದರೆ ಅಷ್ಟು ಹೊತ್ತಿಗೆ ಹಡಗು ನಾವು ಎಣಿಸಿದ ಜಾಗದಿಂದ 65 ಗಜ ಆಚೀಚೆ ಇರುತ್ತದೆ. 100 ಗಜ ಉದ್ದದ ಹಡಗಿನ ನಡುಮಧ್ಯಕ್ಕೆ ಗುರಿಯಿಟ್ಟಿದ್ದರೂ ಏಟು ತಪ್ಪಿತು.

ಕಣ್ಣು ಕನ್ನಡಿಗೆ ಅಂಟಿಸಿಕೊಂಡವನಿಗೆ ಎದುರಿನ ಹಡಗೇ ಇಡೀ ಲೋಕ. ಲೆಕ್ಕಯಂತ್ರ, ನಕ್ಷೆ, ಬೆಂಗಾವಲು ಹಡಗುಗಳ ಜಾಗ, ತನ್ನ ಆಳ ಇವೆಲ್ಲ ತಲೆಯಲ್ಲಿರಬೇಕಾದ್ದು ಕಮಾಂಡರನಿಗೆ. ಮಾರ್ಟನ್ ಆ ಎರಡು ಕೆಲಸಗಳನ್ನು ಬೇರೆ ಮಾಡಿದ. ನನ್ನ ದೃಷ್ಟಿಯಲ್ಲಿ ಅವನ ಅತಿ ದೊಡ್ಡ ಕೊಡುಗೆ ಅದೇ, ಧೈರ್ಯಕ್ಕಿಂತ ಹೆಚ್ಚಿನದು.

1943ರ ಜನವರಿ 24ರಂದು ನ್ಯೂಗಿನಿಯ ವೆವಾಕ್‌ನಲ್ಲಿ ಇದರ ಬೆಲೆ ಗೊತ್ತಾಯಿತು. ಹರುಸಾಮೆ ಎಂಬ ಜಪಾನಿ ವಿಧ್ವಂಸಕ ನೌಕೆಗೆ ಬಿಟ್ಟ ಮೊದಲ ನಾಲ್ಕೂ ತಪ್ಪಿದವು. ಅದು ನೇರವಾಗಿ ಮೈಮೇಲೆ ಬಂತು. ಐದನೆಯದೂ ತಪ್ಪಿತು. ಮುಂಭಾಗದ ಆರು ಕೊಳವೆಗಳಲ್ಲಿ ಉಳಿದಿದ್ದ ಕೊನೆಯದನ್ನು ಸುಮಾರು 800 ಗಜದಲ್ಲಿ ಬಿಟ್ಟಾಗ ತಾಗಿತು. ಹರುಸಾಮೆ ಮುಳುಗಲಿಲ್ಲ, ದಡ ಹತ್ತಿತು, ಆಮೇಲೆ ದುರಸ್ತಿಯಾಯಿತು. ಇದನ್ನು ಮುಳುಗಿದ ಲೆಕ್ಕಕ್ಕೆ ಸೇರಿಸುವವರಿದ್ದಾರೆ, ಸೇರಿಸಬೇಡಿ.

ಉತ್ತರ – ಸಿಡಿಕಡ್ಡಿ

ಆರನೇ ಗಸ್ತಿನ ವಿಚಾರಕ್ಕೆ ಬರೋಣ. ವಾಹೂ ಬಳಸುತ್ತಿದ್ದ ಮಾರ್ಕ್ 14 ಮಾದರಿಯ ಟಾರ್ಪೆಡೊದಲ್ಲಿ ಮೂರು ದೋಷಗಳಿದ್ದವು. ಒಂದು ಇನ್ನೊಂದನ್ನು ಮುಚ್ಚಿಟ್ಟಿದ್ದರಿಂದಲೇ ಪತ್ತೆಗೆ ಅಷ್ಟು ಕಾಲ ಹಿಡಿಯಿತು.

ಮೊದಲನೆಯದು ಆಳ. ಹೊಂದಿಸಿದ್ದಕ್ಕಿಂತ ಹತ್ತು ಅಡಿಗೂ ಹೆಚ್ಚು ಕೆಳಗೆ ಓಡುತ್ತಿತ್ತು. ಒತ್ತಡ ಅಳೆಯುವ ಭಾಗ ಇದ್ದ ಜಾಗದಲ್ಲಿ, ಓಟದ ವೇಗಕ್ಕೆ ನೀರಿನ ಒತ್ತಡ ತಗ್ಗುತ್ತಿತ್ತು. ಹಾಗಾಗಿ ಟಾರ್ಪೆಡೊ ತಾನಿನ್ನೂ ಮೇಲಿದ್ದೇನೆ ಎಂದು ಇನ್ನಷ್ಟು ಇಳಿಯುತ್ತಿತ್ತು. 1942ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಆಲ್ಬನಿ ಬಳಿ ಅಮೆರಿಕದ ಜಲಾಂತರ್ಗಾಮಿ ಪಡೆಯ ಅಧಿಕಾರಿ ಲಾಕ್‌ವುಡ್ ಮೀನುಬಲೆ ಕಟ್ಟಿಸಿ, ಅದರಲ್ಲಿ ಬಿದ್ದ ತೂತಿನ ಆಳ ಅಳೆಸಿ ಇದನ್ನು ಸಾಬೀತು ಮಾಡಿದ.

ಎರಡನೆಯದು ಕಾಂತೀಯ ಸ್ಫೋಟಕ, ಅಂದರೆ ಹಡಗಿನ ಉಕ್ಕು ಕಾಂತಕ್ಷೇತ್ರವನ್ನು ಕದಡಿದಾಗ ಟಾರ್ಪೆಡೊವನ್ನು ಸಿಡಿಸಬೇಕಾದ ಭಾಗ. ಭೂಮಿಯ ಕಾಂತಕ್ಷೇತ್ರ ಎಲ್ಲ ಕಡೆ ಒಂದೇ ಅಲ್ಲವಾದ್ದರಿಂದ ಕೆಲವು ಗುರಿಗೆ ಮೊದಲೇ ಸಿಡಿಯುತ್ತಿದ್ದವು, ಕೆಲವು ಸಿಡಿಯುತ್ತಲೇ ಇರಲಿಲ್ಲ. 1943ರ ಜೂನ್ 24ರಂದು ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ನಿಮಿಟ್ಸ್ ಅದನ್ನು ನಿಷ್ಕ್ರಿಯಗೊಳಿಸಲು ಆದೇಶಿಸಿದ.

ಆಗ ಉಳಿದದ್ದು ಬಡಿದಾಗ ಸಿಡಿಸುವ ಪಿನ್ ಮಾತ್ರ. ಮೂರನೇ ದೋಷ ಅಲ್ಲೇ ಇತ್ತು. ಟಾರ್ಪೆಡೊ ಓಡುವ ದಿಕ್ಕಿಗೆ ಅಡ್ಡವಾಗಿ ಚಲಿಸುವ ಪಿನ್ ಅದು. 46 ನಾಟ್ ವೇಗದಲ್ಲಿ ಮೂತಿ ಉಕ್ಕಿಗೆ ಬಡಿದಾಗ ಪಿನ್ ತನ್ನ ಮಾರ್ಗದ ಕಂಬಿಗಳಿಗೆ ಒತ್ತಿಹಿಡಿದುಕೊಂಡು, ಘರ್ಷಣೆಯಿಂದ ನಿಧಾನವಾಗಿ, ಸ್ಫೋಟ ಶುರುಮಾಡುವ ಕ್ಯಾಪನ್ನು ಬೇಕಾದಷ್ಟು ಜೋರಾಗಿ ಹೊಡೆಯುತ್ತಿರಲಿಲ್ಲ. ಓರೆಯಾಗಿ ತಾಗಿದರೆ ಸಿಡಿಯುವ ಸಾಧ್ಯತೆ ಹೆಚ್ಚು. ಹಡಗಿನ ಮಗ್ಗುಲಿಗೆ ಲಂಬವಾಗಿ, ಪಠ್ಯದಲ್ಲಿ ಹೇಳಿದಂತೆ ಹೊಡೆದವನಿಗೇ ನಷ್ಟ! ಪರ್ಲ್ ಹಾರ್ಬರ್‌ನಲ್ಲಿ ಸಿಡಿತಲೆಗಳನ್ನು 90 ಅಡಿ ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ಬೀಳಿಸಿದಾಗ, ನೇರವಾಗಿ ಬಿದ್ದ ಹತ್ತರಲ್ಲಿ ಏಳು ಕೈಕೊಟ್ಟವು. ಪಿನ್ನನ್ನು ಹಗುರ ಮಾಡಿದ್ದೇ ಪರಿಹಾರ.

ದಿನಾಂಕ ಜೋಡಿಸಿ ನೋಡಿ: ವಾಹೂ ಬರಿಗೈಯಲ್ಲಿ ಪರ್ಲ್ ಹಾರ್ಬರ್ ತಲುಪಿದ್ದು ಆಗಸ್ಟ್ 29. ಹವಾಯಿಯ ಕಹೊಒಲಾವೆ ದ್ವೀಪದ ಬಂಡೆಗೆ ಟಾರ್ಪೆಡೊ ಹೊಡೆದು ಪರೀಕ್ಷೆ ನಡೆಸಿದ್ದು ಆಗಸ್ಟ್ 31. ಅಂದರೆ ಪಿನ್ನಿನ ದೋಷ ಪತ್ತೆಯಾಗುವ ಮೊದಲೇ ವಾಹೂ ಆ ಗಸ್ತು ಮುಗಿಸಿತ್ತು.

ಉತ್ತರ – ಆಳಮಾಪಕ

ಸಿಡಿಕಡ್ಡಿಯವರು ಹೇಳಿದ್ದು ಸರಿ, ಆದರೆ ಹತ್ತನ್ನೂ ಪಿನ್ನಿನ ತಲೆಗೆ ಕಟ್ಟುವಂತಿಲ್ಲ. ಬಡಿದೂ ಸಿಡಿಯದಿದ್ದವುಗಳ ಜೊತೆಗೆ ನೀರಿನಿಂದ ಮೇಲೆ ನೆಗೆದವು, ದಾರಿ ತಪ್ಪಿ ಓಡಿದವು ಕೂಡ ಇದ್ದವು. ಅದು ಆಳ ಮತ್ತು ದಿಕ್ಕು ಕಾಯುವ ಭಾಗಗಳ ತೊಂದರೆ. ಓಕೇನ್ ಕೂಡ ಆ ಗಸ್ತಿನಲ್ಲಿರಲಿಲ್ಲ. ಐದನೆಯದರ ನಂತರ ಇನ್ನೊಂದು ಜಲಾಂತರ್ಗಾಮಿಯಾದ ಟ್ಯಾಂಗ್‌ಗೆ ಹೋಗಿದ್ದ. ಮುಂದೆ 1944ರ ಅಕ್ಟೋಬರಿನಲ್ಲಿ ಟ್ಯಾಂಗ್‌ನ 24ನೇ, ಕೊನೆಯ ಟಾರ್ಪೆಡೊ ಸುತ್ತು ಹೊಡೆದು ಬಂದು ಅದನ್ನೇ ಮುಳುಗಿಸಿತು. ಅದು ವಿದ್ಯುತ್ ಚಾಲಿತ ಮಾರ್ಕ್ 18.

ಉತ್ತರ – ಸಾಗರಿಕ

ಮಾರ್ಟನ್‌ನ ವೃತ್ತಿಜೀವನ ಬರೆಯುವಾಗ 1943ರ ಜನವರಿ 26ನ್ನು ಬಿಡಬಾರದು. ಬುಯೊ ಮಾರು ಎಂಬ ಜಪಾನಿ ಸಾಗಣೆ ಹಡಗನ್ನು ಹೊಡೆದ ಮೇಲೆ ವಾಹೂ ಮೇಲೆದ್ದು ಬದುಕುಳಿದವರ ದೋಣಿಗಳತ್ತ ಗುಂಡು ಹಾರಿಸಿತು. ಅವರೆಲ್ಲ ಜಪಾನಿ ಸೈನಿಕರೆಂದು ಅವನು ನಂಬಿದ್ದ. ಹಡಗಿನಲ್ಲಿದ್ದ 1,126 ಜನರಲ್ಲಿ 491 ಮಂದಿ ಭಾರತೀಯ ಯುದ್ಧಕೈದಿಗಳು, 16ನೇ ಪಂಜಾಬ್ ರೆಜಿಮೆಂಟಿನ 2ನೇ ಬೆಟಾಲಿಯನ್ನಿನವರು. ಸತ್ತವರು 195 ಭಾರತೀಯರು, 87 ಜಪಾನೀಯರು. ಟಾರ್ಪೆಡೊಗೆ ಎಷ್ಟು, ಗುಂಡಿಗೆ ಎಷ್ಟು ಎಂದು ಈ ಸಂಖ್ಯೆ ಬಿಡಿಸಿ ಹೇಳುವುದಿಲ್ಲ. ಆ ಗಸ್ತಿಗೆ ಅವನಿಗೆ ನೇವಿ ಕ್ರಾಸ್ ಎಂಬ ಶೌರ್ಯಪದಕ ಸಿಕ್ಕಿತು, ವಿಚಾರಣೆ ಆಗಲಿಲ್ಲ. ಆಗಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಯ ಗಸ್ತಿನಲ್ಲಿ ನಾಲ್ಕು ಹಡಗು ಮುಳುಗಿಸಿ ಜಪಾನಿನ ಉತ್ತರದ ಲಾ ಪೆರೂಸ್ ಜಲಸಂಧಿಯ ಮೂಲಕ ಹೊರಬರುವಾಗ ಜಪಾನಿ ವಿಮಾನಗಳಿಗೆ ಸಿಕ್ಕಿಬಿದ್ದ. ಅವಶೇಷ ಸುಮಾರು 65 ಮೀಟರ್ ಆಳದಲ್ಲಿದೆ. ಅದು ವಾಹೂ ಎಂದು ಅಮೆರಿಕದ ನೌಕಾಪಡೆ ದೃಢಪಡಿಸಿದ್ದು 2006ರಲ್ಲಿ. ಬಾಂಬು ಬಿದ್ದದ್ದು ಜಲಾಂತರ್ಗಾಮಿಯ ಮೇಲಿನ ನಿಯಂತ್ರಣ ಗೋಪುರದ ಹತ್ತಿರ.