ಬೋಳು ಕುತ್ತಿಗೆಯ ಹುಂಜ: ಮರಿಗಳು ಹೇಗಿರುತ್ತವೆ?

ಕಾಪುವಿನಿಂದ: ನಮ್ಮ ಹುಂಜದ ಕುತ್ತಿಗೆ ಬೋಳು. ಹೇಂಟೆಗೆ ಮೈತುಂಬ ಪುಕ್ಕ, ಈಗ ಕಾವಿಗೆ ಕೂತಿದೆ. ಬೋಳು ಮರಿ ಎಷ್ಟು ಬರಬಹುದು? ನನಗೆ ಬೋಳಿನದ್ದೇ ಇಷ್ಟ, ಈ ಸೆಕೆಗೆ ಆರಾಮಾಗಿರುತ್ತದೆ.

ಬ್ರಹ್ಮಾವರದಿಂದ: ಅಕ್ಕಾ, ಹುಂಜದ ಕುತ್ತಿಗೆಯ ಮುಂದೆ, ಎದೆಗಿಂತ ಸ್ವಲ್ಪ ಮೇಲೆ, ಪುಕ್ಕದ ಗೊಂಚಲು ಉಂಟಾ ನೋಡಿ.

ಕಾಪುವಿನಿಂದ: ಉಂಟು. ಹೆಬ್ಬೆರಳಿನಷ್ಟು, ಕೆಂಪು.

ಬ್ರಹ್ಮಾವರದಿಂದ: ಹಾಗಾದ್ರೆ ಬೋಳು ಮಾಡುವ ಜೀನ್ (ಅಪ್ಪ, ಅಮ್ಮನಿಂದ ಒಂದೊಂದು ಪ್ರತಿ ಬರುವ ವಂಶವಾಹಿ) ಹುಂಜದಲ್ಲಿ ಒಂದೇ ಪ್ರತಿ ಇದೆ. ಪ್ರತಿ ಮೊಟ್ಟೆಗೂ ಅರ್ಧಕ್ಕರ್ಧ ಅವಕಾಶ. 10ರಲ್ಲಿ 5 ಅಂತ ಗಟ್ಟಿ ಹಿಡೀಬೇಡಿ. 7 ಬರಬಹುದು, 3 ಬರಬಹುದು. ಎರಡೂ ಪ್ರತಿ ಇದ್ದಿದ್ದರೆ ಎಲ್ಲ ಮರಿಗಳೂ ಬೋಳೇ.

ಸುರತ್ಕಲ್‌ನಿಂದ: ಬೋಳು ಜಾಸ್ತಿ ಬೇಕಾದರೆ ಹೀಗೇ ಬೋಳು ಕುತ್ತಿಗೆಯಲ್ಲಿ ಗೊಂಚಲಿರುವ ಹೇಂಟೆಯನ್ನೇ ಬೇರೆ ಮನೆಯಿಂದ ತನ್ನಿ ಅಕ್ಕಾ. ಆಗ ಅವಕಾಶ ನಾಲ್ಕರಲ್ಲಿ ಮೂರು ಪಾಲು. ಮರಿ ಹೊರಬಂದ ದಿನವೇ ಕುತ್ತಿಗೆ ನೋಡಿದರೆ ಗೊತ್ತಾಗುತ್ತದೆ.