ಬೇಸ್‌ಬಾಲ್: ಟಿವಿಲಿ ಮೇಜರ್ ಲೀಗ್ ಅಂಪೈರ್ ನಿಲ್ಲೋ ಜಾಗದಲ್ಲೇ ನಿಂತ್ರೂ ಸ್ಟೀಲ್ ಕಾಣ್ತಿಲ್ಲ, ಇಬ್ಬರೇ ಇದ್ದಾಗ ಎಲ್ಲಿ ನಿಲ್ಬೇಕು?

ಮಂಡ್ಯ_ನ್ಯೂಜೆರ್ಸಿ:
ಎಲ್ರಿಗೂ ನಮಸ್ಕಾರ. ಮಗ ಲಿಟಲ್ ಲೀಗ್, ಅಂದ್ರೆ ಮಕ್ಕಳ ಬೇಸ್‌ಬಾಲ್, ಆಡ್ತಾನೆ, ಅಂಪೈರ್‌ಗಳು ಸಾಲ್ತಿಲ್ಲ ಅಂತ ಲೀಗ್‌ನವ್ರು ಕೇಳಿದ್ರು, ನಾನು ಒಪ್ಕೊಂಡೆ. ಇಲ್ಲಿವರೆಗೆ ಚಿಕ್ಕ ಮಕ್ಕಳ 60 ಅಡಿ ಫೀಲ್ಡ್‌ನಲ್ಲಿ ಮಾಡ್ತಿದ್ದೆ, ಏನೂ ತೊಂದ್ರೆ ಇರ್ಲಿಲ್ಲ. ಈ ಸೀಸನ್‌ನಿಂದ ಜೂನಿಯರ್ ಡಿವಿಷನ್, ಬೇಸ್‌ನಿಂದ ಬೇಸ್‌ಗೆ 90 ಅಡಿ, ಹುಡುಗ್ರು ಲೀಡ್ ತಗೋತಾರೆ (ಪಿಚ್‌ಗೆ ಮುಂಚೆಯೇ ಬೇಸ್ ಬಿಟ್ಟು ಮುಂದೆ ಬಂದು ನಿಲ್ತಾರೆ), ಸಿಕ್ಕಾಪಟ್ಟೆ ಸ್ಟೀಲ್ ಮಾಡ್ತಾರೆ (ಹಿಟ್ ಇಲ್ದೇನೇ ಮುಂದಿನ ಬೇಸ್‌ಗೆ ಓಡ್ತಾರೆ). ನಾವು ಇಬ್ಬರೇ ಅಂಪೈರ್, ಒಬ್ಬರು ಪ್ಲೇಟ್ (ಬ್ಯಾಟರ್ ನಿಲ್ಲೋ ಹೋಮ್) ಹಿಂದೆ, ಬೇಸ್‌ಗಳೆಲ್ಲಾ ನಂದು.

ಫಸ್ಟ್‌ನಲ್ಲಿ ರನ್ನರ್ ಇದ್ದಾಗ ಟಿವಿಲಿ ಫಸ್ಟ್ ಬೇಸ್ ಅಂಪೈರ್ ನಿಂತಿರ್ತಾರಲ್ಲ, ಬೇಸ್ ಹಿಂದೆ ಫೌಲ್ ಲೈನ್ ಪಕ್ಕ, ಹಾಗೇ ನಿಲ್ತೀನಿ. ಪಿಕ್‌ಆಫ್ (ಬೇಸ್ ಬಿಟ್ಟ ರನ್ನರ್‌ನ ಔಟ್ ಮಾಡೋಕೆ ಆ ಬೇಸ್‌ಗೆ ಬಾಲ್ ಎಸೆಯೋದು) ಚೆನ್ನಾಗಿ ಕಾಣುತ್ತೆ. ಆದ್ರೆ ಅವನು ಸೆಕೆಂಡ್‌ಗೆ ಸ್ಟೀಲ್ ಓಡಿದ್ರೆ ನಾನು ಅರ್ಧ ದಾರಿ ಓಡೋ ಅಷ್ಟರಲ್ಲಿ ಟ್ಯಾಗ್ (ಬಾಲ್ ಇರೋ ಗ್ಲೌ ರನ್ನರ್‌ಗೆ ತಾಗಿಸೋದು) ಮುಗಿದೇ ಹೋಗಿರುತ್ತೆ, ಕಾಣೋದು ಬರೀ ಧೂಳು ಮತ್ತೆ ಶಾರ್ಟ್‌ಸ್ಟಾಪ್ (ಸೆಕೆಂಡ್-ಥರ್ಡ್ ನಡುವಿನ ಫೀಲ್ಡರ್) ಬೆನ್ನು. ಇನ್ನೊಂದು, ಫಸ್ಟ್‌ನಲ್ಲಿ ಕ್ಲೋಸ್ ಪ್ಲೇ ಆದಾಗ ಬೇಸ್‌ಗೆ ಹತ್ರ ಹೋದಷ್ಟೂ ಕಾಲು ಮೊದ್ಲೋ ಬಾಲ್ ಮೊದ್ಲೋ ಗೊತ್ತಾಗ್ತಿಲ್ಲ. ಯಾಕೆ ಹೀಗೆ? ದಯವಿಟ್ಟು ಗೊತ್ತಿರೋರು ಹೇಳಿ.

ಸ್ಲಾಟ್_ಶೀನಪ್ಪ:
ಸರ್, ನೀವು ನಿಂತಿರೋ ಜಾಗ ತಪ್ಪು ಅಲ್ಲ, ಅದು ನಾಲ್ಕು ಜನ ಇರೋ ಕ್ರೂನ ಜಾಗ. ಮೇಜರ್ ಲೀಗ್‌ನಲ್ಲಿ ರೆಗ್ಯುಲರ್ ಸೀಸನ್‌ಗೆ ನಾಲ್ಕು ಅಂಪೈರ್, ಪೋಸ್ಟ್‌ಸೀಸನ್‌ಗೆ ಔಟ್‌ಫೀಲ್ಡ್ ಲೈನ್‌ಗಳಿಗೆ ಇನ್ನಿಬ್ರು ಸೇರಿ ಆರು. ಫಸ್ಟ್ ಬೇಸ್ ಅಂಪೈರ್ ಲೈನ್ ಬಿಟ್ಟು ಕದಲದೇ ಇರೋಕೆ ಕಾರಣ ಸೆಕೆಂಡ್ ನೋಡ್ಕೊಳ್ಳೋಕೆ ಬೇರೆಯವ್ರು ಇರ್ತಾರೆ ಅಂತ. ನಿಮಗೆ ಆ ಬೇರೆಯವ್ರು ಇಲ್ಲ. ಆದ್ರಿಂದ ಟಿವಿಲಿ ನಾಲ್ವರ ಕ್ರೂ ನೋಡಿ ಜಾಗ ಕಲಿಯೋದು ಬೇಡ. ಕಲೀಬೇಕು ಅಂದ್ರೆ ಹತ್ರದಲ್ಲಿ ಎಲ್ಲಾದ್ರೂ ಸಿಂಗಲ್-ಎ ಅಥವಾ ಹೈ-ಎ ಮೈನರ್ ಲೀಗ್ (ಕೆಳ ಹಂತದ ಪ್ರೊಫೆಷನಲ್ ಲೀಗ್) ಪಾರ್ಕ್ ಇದ್ರೆ ಟಿಕೆಟ್ ತಗೊಂಡು ಹೋಗಿ ಬೇಸ್ ಅಂಪೈರ್ ಒಬ್ರನ್ನೇ ನೋಡ್ತಾ ಕೂತ್ಕೊಳ್ಳಿ, ಅಲ್ಲಿ ಪ್ರೊಫೆಷನಲ್‌ಗಳೂ ಇಬ್ಬರೇ, ನಿಮ್ಮ ಹಾಗೇ.

ಇಬ್ಬರಿದ್ದಾಗ ಜಾಗ ಬೇಸ್ ನೋಡಿ ಅಲ್ಲ, ರನ್ನರ್ ನೋಡಿ ಬದಲಾಗುತ್ತೆ. ಯಾರೂ ಇಲ್ದೇ ಇದ್ರೆ ಎ, ಅಂದ್ರೆ ಫಸ್ಟ್ ಬೇಸ್‌ಮನ್ ಹಿಂದೆ ಹತ್ತು-ಹನ್ನೆರಡು ಅಡಿ, ಎರಡೂ ಕಾಲು ಫೌಲ್ ಕಡೆಗೆ. ಫಸ್ಟ್‌ನಲ್ಲಿ ಮಾತ್ರ ರನ್ನರ್ ಇದ್ರೆ ಬಿ, ಒಳಗೆ ಬರ್ಬೇಕು. ಹೋಮ್ ಪ್ಲೇಟ್‌ನಿಂದ ಮೌಂಡ್ (ಪಿಚರ್ ನಿಲ್ಲೋ ದಿಬ್ಬ) ಮಣ್ಣಿನ ಬಲ ಅಂಚು ಸವರ್ಕೊಂಡು ಹೋಗೋ ಹಾಗೆ ಒಂದು ಗೆರೆ ಅಂದ್ಕೊಳ್ಳಿ, ಆ ಗೆರೆ ಮೇಲೆ, ಮೌಂಡ್‌ಗೂ ಸೆಕೆಂಡ್ ಬೇಸ್‌ಗೂ ಅರ್ಧ ದಾರೀಲಿ, ಮುಖ ಹೋಮ್ ಕಡೆ. ಸೆಕೆಂಡ್‌ನಲ್ಲಿ ರನ್ನರ್ ಇದ್ರೆ ಸಿ, ಅದೇ ಜಾಗ ಥರ್ಡ್ ಬೇಸ್ ಕಡೆಗೆ. ಫಸ್ಟ್ ಮತ್ತೆ ಥರ್ಡ್ ಎರಡರಲ್ಲೂ ಇದ್ದಾಗ ಕೆಲವರು ಬಿ ಅಂತಾರೆ ಕೆಲವರು ಸಿ ಅಂತಾರೆ, ನಿಮ್ಮ ಲೀಗ್ ಯಾವುದು ಹೇಳುತ್ತೋ ಅದು. 60 ಅಡಿ ಫೀಲ್ಡ್‌ನಲ್ಲಿ ನಿಮಗೆ ಒಳಗೆ ಬಂದು ನಿಂತು ಅಭ್ಯಾಸ ಇಲ್ಲ ಯಾಕಂದ್ರೆ ಅಲ್ಲಿ ಪಿಚ್ ಬ್ಯಾಟರ್ ಮುಟ್ಟೋವರೆಗೂ ರನ್ನರ್ ಬೇಸ್ ಬಿಡೋ ಹಾಗಿಲ್ಲ, ಅದಕ್ಕೆ ಅಂಪೈರ್ ಹೊರಗಿಂದಲೇ ಶುರು ಮಾಡ್ತಾರೆ.

ಈಗ ಸ್ಟೀಲ್. ಬಿ ಜಾಗದಿಂದ ರನ್ನರ್ ಹಿಂದೆ ಓಡ್ಬೇಡಿ. ಅವನು ಹೊರಟಿದ್ದು ಕಣ್ಣಂಚಲ್ಲಿ ಕಂಡ್ರೆ ಸಾಕು, ಕ್ಯಾಚರ್ ಎಸೆದ ಮೇಲೆ ಸೆಕೆಂಡ್ ಕಡೆ ಎರಡು-ಮೂರು ಹೆಜ್ಜೆ, ಬಾಲ್ ನಿಮ್ಮನ್ನ ದಾಟೋವಾಗ ಅದರ ಜೊತೆಗೇ ತಿರುಗಿ, ಬಾಲೇ ನಿಮ್ಮನ್ನ ತಿರುಗಿಸಿದ ಹಾಗೆ, ಆಮೇಲೆ ಪೂರ್ತಿ ನಿಲ್ಲಿ, ಮಂಡಿ ಸ್ವಲ್ಪ ಬಗ್ಗಿಸಿ. ಈ ನಿಲ್ಲೋದೇ ಮುಖ್ಯ. ಓಡ್ತಾ ಓಡ್ತಾ ನೋಡಿದ್ರೆ ತಲೆ ಅಲ್ಲಾಡುತ್ತೆ, ತಲೆ ಅಲ್ಲಾಡಿದ್ರೆ ಗ್ಲೌ ಕಾಲಿಗೆ ತಾಗಿದ್ದು ಕಾಣಲ್ಲ. ಇನ್ನೂ ಎರಡು ಹೆಜ್ಜೆ ಹತ್ರ ಹೋಗ್ಬಹುದಿತ್ತು ಅನ್ನಿಸಿದ್ರೂ ಪ್ಲೇ ಆಗೋ ಹೊತ್ತಿಗೆ ನಿಂತಿರ್ಲೇಬೇಕು. ಟ್ಯಾಗ್ ಆದ್ಮೇಲೆ ಬಾಲ್ ಗ್ಲೌನಲ್ಲೇ ಇದೆಯಾ ನೋಡಿ, ಆಮೇಲೆ ಕೈ ಎತ್ತಿ.

ಪಿಕ್‌ಆಫ್ ಲೈನ್ ಹತ್ರದಿಂದ ಕಂಡಷ್ಟು ಚೆನ್ನಾಗಿ ಬಿ ಇಂದ ಕಾಣಲ್ಲ, ನಿಜ. ಆದ್ರೂ ಫಸ್ಟ್ ಕಡೆ ಒಂದು ಹೆಜ್ಜೆ ಹಾಕಿ ತಿರುಗಿದ್ರೆ ಸಾಕಾಗುವಷ್ಟು ಕಾಣುತ್ತೆ.

ಹುಬ್ಬಳ್ಳಿ_ಷಿಕಾಗೋ:
ಶೀನಪ್ಪನವರು ಛಲೋ ಹೇಳ್ಯಾರ್ರಿ. ಎರಡನೇ ಪ್ರಶ್ನೆಕ್ಕ ನಾ ಹೇಳ್ತೇನಿ. ನಾ ಮೊದ್ಲ ಹುಬ್ಬಳ್ಳ್ಯಾಗ ಕ್ಲಬ್ ಕ್ರಿಕೆಟ್‌ಗೆ ಅಂಪೈರ್ ಇದ್ದೆ, ರನ್‌ಔಟ್ ನೋಡ್ಲಿಕ್ಕೆ ನಾವು ಸ್ಟಂಪ್ ಹಿಂದ ನಿಂತ್ಕೊಂಡ ಇರ್ತಿದ್ವೇನ್ರಿ? ಇಲ್ಲ, ಬಾಲ್ ಹೋದ ಕಡೆ ಪಕ್ಕಕ್ಕ ಸರದು ಕ್ರೀಸ್ ಗೆರಿ ಸಾಲಿಗೆ ಬರ್ತಿದ್ವಿ. ಇಲ್ಲೂ ಹಂಗ, ಹತ್ರ ಹೋಗೋದಕ್ಕಿಂತ ಕೋನ ಮುಖ್ಯ. ಫಸ್ಟ್‌ನ್ಯಾಗ ಫೋರ್ಸ್ ಪ್ಲೇ (ಟ್ಯಾಗ್ ಬ್ಯಾಡ, ಬಾಲ್ ಹಿಡದು ಬೇಸ್ ಮುಟ್ಟಿದ್ರ ಔಟ್) ಇದ್ರ ಥ್ರೋ ಬರೋ ದಾರಿಗೆ 90 ಡಿಗ್ರಿ ಆಗೂ ಹಂಗ ನಿಲ್ರಿ, ಬೇಸ್‌ನಿಂದ ಹದಿನೈದು-ಹದಿನೆಂಟು ಅಡಿ ದೂರ. ಅದಕ್ಕಿಂತ ಹತ್ರ ಹೋದ್ರ ಕಾಲು ಒಂದ್ ಕಡೆ, ಗ್ಲೌ ಇನ್ನೊಂದ್ ಕಡೆ ಆಗಿ ಕಣ್ಣು ಎರಡೂ ಹಿಡಿಯಂಗಿಲ್ಲ. ಎ ಜಾಗದಿಂದ ಶಾರ್ಟ್‌ಸ್ಟಾಪ್, ಥರ್ಡ್ ಕಡೆ ಗ್ರೌಂಡರ್ (ನೆಲದ ಮ್ಯಾಲೆ ಉರುಳೋ ಹಿಟ್) ಹೋದ್ರ ಲೈನ್ ದಾಟಿ ಒಳಗ ಬರ್ರಿ, ಸೆಕೆಂಡ್ ಬೇಸ್‌ಮನ್ ಫಸ್ಟ್ ಸಮೀಪ ಬಂದು ಹಿಡದ್ರ ಫೌಲ್ ಕಡೆನ ಇರ್ರಿ, ಒಳಗ ಬಂದ್ರ ಅವನ ಥ್ರೋಕ್ಕ ಅಡ್ಡ ಆಗ್ತೀರಿ.

ಮತ್ತ ಕಣ್ಣು ಬೇಸ್ ಮ್ಯಾಲೆ, ಕಿವಿ ಗ್ಲೌ ಮ್ಯಾಲೆ. ಬಾಲ್ ಗ್ಲೌಕ್ಕ ಬಿದ್ದ ಸಪ್ಪಳ ಮೊದ್ಲೋ, ಕಾಲು ಮೊದ್ಲೋ, ಅಷ್ಟ.

ಸ್ಲಾಟ್_ಶೀನಪ್ಪ:
ಕಿವಿ ವಿಷಯಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ ಹುಬ್ಬಳ್ಳಿಯವರೇ. 1985ರ ವರ್ಲ್ಡ್ ಸೀರೀಸ್ ಆರನೇ ಗೇಮ್, ಕಾನ್ಸಾಸ್ ಸಿಟಿ, ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಅಂಪೈರ್ ಡಾನ್ ಡೆಂಕಿಂಗರ್ ಅವರು ಫಸ್ಟ್‌ನಲ್ಲಿ ಹೋರ್ಹೆ ಓರ್ಟಾಗೆ ಸೇಫ್ ಕೊಟ್ರು, ರೀಪ್ಲೇಲಿ ಸ್ಪಷ್ಟವಾಗಿ ಔಟ್. ಜನರ ಗದ್ದಲದಲ್ಲಿ ಗ್ಲೌ ಸದ್ದು ಕೇಳೋ ಸ್ಥಿತೀಲಿ ಇರ್ಲಿಲ್ಲ. 2010ರ ಜೂನ್ 2ಕ್ಕೆ ಡೆಟ್ರಾಯಿಟ್‌ನಲ್ಲಿ ಅಂಪೈರ್ ಜಿಮ್ ಜಾಯ್ಸ್ ಅವರು ಪಿಚರ್ ಅರ್ಮಾಂಡೊ ಗಲಾರಾಗನ ಪರ್ಫೆಕ್ಟ್ ಗೇಮ್ (ಎದುರಾಳಿ ಒಬ್ಬನೂ ಬೇಸ್ ತಲುಪದ ಆಟ) ಕೊನೇ ಔಟ್‌ನ ಸೇಫ್ ಅಂದಿದ್ದೂ ಫಸ್ಟ್‌ನಲ್ಲೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎರಡರಲ್ಲೂ ಫಸ್ಟ್ ಬೇಸ್‌ಮನ್ ಬಾಲ್ ಹಿಡಿದು, ಓಡಿ ಬಂದ ಪಿಚರ್‌ಗೆ ಕೊಟ್ಟಿದ್ದು. ಈ ಪ್ಲೇನೇ ಕಷ್ಟ, ಯಾಕಂದ್ರೆ ಗ್ಲೌನೂ ಓಡ್ತಿರುತ್ತೆ, ಫೀಲ್ಡರ್ ಕಾಲೂ ಬೇಸ್ ಹುಡುಕ್ತಿರುತ್ತೆ, ಬ್ಯಾಟರೂ ಬರ್ತಿರ್ತಾನೆ, ಮೂರು ವಿಷಯ ಒಟ್ಟಿಗೆ. ಅದಕ್ಕೆ ಪಿಚರ್ ಕವರ್ ಮಾಡೋಕೆ ಬರ್ತಿದಾನೆ ಅಂತ ಕಂಡ ತಕ್ಷಣ ನಾನು ಇನ್ನೆರಡು ಹೆಜ್ಜೆ ದೂರ ಹೋಗ್ತೀನಿ, ಮೂರೂ ಒಂದೇ ನೋಟದಲ್ಲಿ ಸಿಗ್ಲಿ ಅಂತ. ದೊಡ್ಡವ್ರಿಗೆ 2014ರಿಂದ ಇಂಥ ಪ್ಲೇಗಳಿಗೂ ರೀಪ್ಲೇ ಇದೆ, ನಮ್ಮ ಮಕ್ಕಳ ಆಟದಲ್ಲಿ ನಾವೇ ಕೊನೆ ಮಾತು, ಆದ್ರಿಂದ ಜಾಗದ ವಿಷಯದಲ್ಲಿ ನಾವು ಅವ್ರಿಗಿಂತ ಹೆಚ್ಚು ಕಾಳಜಿ ಮಾಡ್ಬೇಕು ಅಂತ ನನ್ನ ಅಭಿಪ್ರಾಯ.

ಮಂಡ್ಯ_ನ್ಯೂಜೆರ್ಸಿ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಬಿ ಇಂದ ಸ್ಟೀಲ್ ನಿಜವಾಗ್ಲೂ ಕಣ್ಣೆದುರೇ ಆಯ್ತು, ಗ್ಲೌ ತುದಿ ಶೂ ಮೇಲೆ ಬಿದ್ದಿದ್ದು ಕಂಡಿತು. ಈಗ ಹೊಸ ಗೊಂದಲ. ಫಸ್ಟ್‌ನಲ್ಲಿ ರನ್ನರ್, ರೈಟ್ ಫೀಲ್ಡ್‌ಗೆ ಹಿಟ್, ಅವನು ಸೆಕೆಂಡ್ ದಾಟಿ ಥರ್ಡ್‌ಗೆ ಓಡ್ದ, ಬ್ಯಾಟರ್ ಸೆಕೆಂಡ್‌ಗೆ ಬರೋ ಹಾಗೆ ಕಾಣ್ತಿದ್ದ. ನಾನು ಯಾರ ಹಿಂದೆ ಹೋಗ್ಲಿ?

ಕೊಡಗಿನ_ಪ್ಲೇಟ್_ಅಕ್ಕ:
ಅಣ್ಣ, ಥರ್ಡ್ ನಿಮ್ಮದಲ್ಲ, ಪ್ಲೇಟ್ ಅಂಪೈರ್‌ದು. ನಾನು ಹೆಚ್ಚು ಪ್ಲೇಟ್ ಹಿಂದೆಯೇ ಇರ್ತೀನಿ, ಫಸ್ಟ್‌ನಲ್ಲಿ ಮಾತ್ರ ರನ್ನರ್ ಇದ್ದು ಹಿಟ್ ಆದ್ರೆ ನಾನು ಥರ್ಡ್ ಕಡೆ ಹೊರಟು ಪಾರ್ಟ್ನರ್‌ಗೆ ಕೇಳೋ ಹಾಗೆ "ಅವನು ಬಂದ್ರೆ ಥರ್ಡ್ ನಂದು" ಅಂತ ಕೂಗ್ತೀನಿ. ರನ್ನರ್ ಸೆಕೆಂಡ್‌ನಲ್ಲೇ ನಿಂತ್ರೆ ವಾಪಸ್ ಹೋಮ್‌ಗೆ. ನೀವು ಬ್ಯಾಟರ್ ಫಸ್ಟ್ ಮುಟ್ಟಿದ್ದು ನೋಡಿ, ಅವನ ಜೊತೆ ಇರಿ. ಹಾಗೇ ನೀವು ಒಳಗಿದ್ದಾಗ ಲೆಫ್ಟ್ ಫೀಲ್ಡರ್‌ನಿಂದ ರೈಟ್ ಫೀಲ್ಡರ್‌ವರೆಗಿನ ಮಧ್ಯದ ಕ್ಯಾಚ್‌ಗಳು ನಿಮ್ಮವು, ಅವರಿಬ್ರೂ ಲೈನ್ ಕಡೆ ಓಡಿದ್ರೆ ಪ್ಲೇಟ್‌ನವರದು. ಟಿವಿಲಿ ಪ್ಲೇಟ್ ಅಂಪೈರ್ ಇಷ್ಟು ಓಡೋದು ಕಾಣಲ್ಲ, ಅವ್ರಿಗೆ ಥರ್ಡ್‌ನಲ್ಲಿ ಜನ ಇದಾರೆ.

ನಿಮ್ಮ ಸರದಿ ಪ್ಲೇಟ್‌ಗೂ ಬರುತ್ತೆ, ಅದಕ್ಕೆ ಈಗಲೇ ಹೇಳ್ಬಿಡ್ತೀನಿ: ಕ್ಯಾಚರ್ ನೇರ ಹಿಂದೆ ನಿಲ್ಬೇಡಿ, ಬ್ಯಾಟರ್‌ಗೂ ಕ್ಯಾಚರ್‌ಗೂ ನಡುವಿನ ಸಂದಿ, ಅದೇ ಸ್ಲಾಟ್. ಬಲಗೈ ಬ್ಯಾಟರ್ ಆದ್ರೆ ನಿಮ್ಮ ಎಡಗಾಲು ಮುಂದೆ, ಬಲಗಾಲಿನ ಬೆರಳು ಎಡ ಹಿಮ್ಮಡಿ ಸಾಲಿಗೆ, ಗದ್ದ ಕ್ಯಾಚರ್ ಹೆಲ್ಮೆಟ್ ಮೇಲ್ತುದಿ ಎತ್ತರಕ್ಕೆ. ತಲೆ ಅದಕ್ಕಿಂತ ಕೆಳಗೆ ಇಳಿದ್ರೆ ಹೊರಗಡೆ ಕೆಳಗಿನ ಮೂಲೆ ಕ್ಯಾಚರ್ ಮರೆಗೆ ಹೋಗುತ್ತೆ. ಕ್ಯಾಚರ್ ಒಳಗೆ ಸರಿದು ಸಂದಿ ಮುಚ್ಚಿದ್ರೆ ಸ್ವಲ್ಪ ಎತ್ತರ ಆಗಿ ಅವನ ತಲೆ ಮೇಲಿಂದ ನೋಡಿ. ಮೇಜರ್ ಲೀಗ್‌ನಲ್ಲಿ ಎರಡು ಲೀಗ್, ಹಿಂದೆ ಅಮೆರಿಕನ್ ಲೀಗ್‌ನ ಅಂಪೈರ್‌ಗಳು ಎದೆ ಮುಂದೆ ದಪ್ಪ ದಿಂಬಿನಂಥ ಪ್ರೊಟೆಕ್ಟರ್ ಹಿಡ್ಕೊಂಡು ಕ್ಯಾಚರ್ ತಲೆ ಮೇಲಿಂದಲೇ ನೋಡ್ತಿದ್ರು, ನ್ಯಾಷನಲ್ ಲೀಗ್‌ನವರು ಶರ್ಟ್ ಒಳಗಿನ ಪ್ರೊಟೆಕ್ಟರ್ ಹಾಕಿ ಸ್ಲಾಟ್‌ನಲ್ಲಿ, ಅದಕ್ಕೇ ನ್ಯಾಷನಲ್ ಲೀಗ್‌ನಲ್ಲಿ ಕೆಳಗಿನ ಸ್ಟ್ರೈಕ್ ಜಾಸ್ತಿ ಸಿಗುತ್ತೆ ಅಂತ ಆಟಗಾರರು ಹೇಳ್ತಿದ್ರು. 1977ರಿಂದ ಅಮೆರಿಕನ್ ಲೀಗ್‌ಗೆ ಬಂದ ಹೊಸಬರಿಗೂ ಒಳಗಿನದೇ ಕಡ್ಡಾಯ ಆಯ್ತು.

ಮಂಡ್ಯ_ನ್ಯೂಜೆರ್ಸಿ:
ಅಕ್ಕ, ನನ್ನ ಪಾರ್ಟ್ನರ್ ಹಿಟ್ ಆದ್ಮೇಲೂ ಪ್ಲೇಟ್ ಬಿಟ್ಟು ಕದಲಲ್ಲ, ವಯಸ್ಸಾದವ್ರು. ಥರ್ಡ್‌ಗೆ ಬನ್ನಿ ಅಂತ ಹೇಗೆ ಹೇಳೋದು?

ಕೊಡಗಿನ_ಪ್ಲೇಟ್_ಅಕ್ಕ:
ಆಟಕ್ಕೆ ಮುಂಚೆ ಪಾರ್ಕಿಂಗ್‌ನಲ್ಲಿ ಶೂ ಹಾಕ್ಕೊಳ್ಳೋವಾಗ ಕೇಳಿ, "ಫಸ್ಟ್‌ನಲ್ಲಿ ರನ್ನರ್ ಇದ್ದು ಹಿಟ್ ಆದ್ರೆ ಥರ್ಡ್ ನೀವು ತಗೋತೀರಾ, ನಾನೇ ನೋಡ್ಕೊಳ್ಲಾ?" ಅಂತ. ಅವ್ರಿಗೆ ಆಗಲ್ಲ ಅಂದ್ರೆ ಬೇಜಾರಿಲ್ಲ, ಆಗ ಮೂರೂ ಬೇಸ್ ನಿಮ್ಮವೇ, ಬಾಲ್ ಹೋದ ತಕ್ಷಣ ಡೈಮಂಡ್ ಮಧ್ಯಕ್ಕೆ ಬಂದು ನಿಲ್ಲಿ, ಅಲ್ಲಿಂದ ಯಾವ ಬೇಸ್‌ಗಾದ್ರೂ ನಾಲ್ಕೈದು ಹೆಜ್ಜೆ ಹಾಕಿದ್ರೆ ಸುಮಾರಾಗಿ ಕೋನ ಸಿಗುತ್ತೆ. ಅವ್ರು ಹೋಮ್‌ನಲ್ಲೇ ಇರ್ತಾರೆ ಅಂತ ಮೊದಲೇ ಗೊತ್ತಿದ್ರೆ ಸಾಕು. ಇಬ್ರೂ ಥರ್ಡ್ ನೋಡ್ತಾ ಸೆಕೆಂಡ್‌ನಲ್ಲಿ ಯಾರೂ ಇಲ್ದೇ ಇರೋದು, ಇಲ್ಲ ಇಬ್ರೂ ಸೆಕೆಂಡ್ ನೋಡ್ತಾ ಥರ್ಡ್ ಖಾಲಿ, ಇದು ಆಗ್ಬಾರ್ದು ಅಷ್ಟೇ.