ಮಂಡಿ ಆಪರೇಷನ್ನಿಗೆ ರೋಬೋಟ್ ಅಂದ್ರೆ

ಅತ್ತಿಗೆ, ನಿಮ್ಮ ಅಮ್ಮನ ಮಂಡಿ ಕೀಲು ಬದಲಾಯಿಸೋ ಆಪರೇಷನ್ನಿಗೆ ರೋಬೋಟ್ ಬಳಸ್ತಾರಂತೆ, ನಂಬಬಹುದಾ ಅಂತ ಕೇಳಿದ್ರಲ್ಲ. ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡೇ ಕೇಳಿ.

ಮೊದಲು ಯಾವ ಥರದ್ದು ಅಂತ ಕೇಳಿ. ಕೆಲವು ಮೆಷಿನ್‌ಗಳಲ್ಲಿ ಗರಗಸ ರೋಬೋಟಿನ ತೋಳಲ್ಲಿದ್ರೂ ನಡೆಸೋರು ಡಾಕ್ಟರೇ. ಗೊತ್ತು ಮಾಡಿದ ಗಡಿ ದಾಟೋಕೆ ಹೋದ್ರೆ ತೋಳು ತಡೆಯುತ್ತೆ. ಇನ್ನು ಕೆಲವು ತಾವೇ ಮೂಳೆ ಕೊರೀತವೆ, ಡಾಕ್ಟರು ಪಕ್ಕದಲ್ಲಿ ನಿಂತು ನೋಡ್ಕೋತಾರೆ, ಬೇಕಾದಾಗ ನಿಲ್ಲಿಸ್ತಾರೆ.

ಎಲ್ಲರಿಗೂ ತಪ್ಪು ಕಲ್ಪನೆ ಇರೋದು ಇಲ್ಲಿ: ಅದರ ಕ್ಯಾಮೆರಾಗೆ ಮಂಡಿ ಕಾಣಿಸೋದೇ ಇಲ್ಲ. ತೊಡೆಮೂಳೆಗೆ ಎರಡು, ಮಂಡಿ ಕೆಳಗಿನ ಕಣಕಾಲಿನ ಮೂಳೆಗೆ ಎರಡು ಪಿನ್ನು ಹೊಡೆದು, ಅದರ ಮೇಲೆ ಟ್ರ್ಯಾಕರ್ ಕೂರಿಸ್ತಾರೆ, ಅಂದ್ರೆ ಮೂಳೆ ಎಲ್ಲಿದೆ ಅಂತ ಕ್ಯಾಮೆರಾಗೆ ತೋರಿಸೋ ಸಾಧನ. ಕ್ಯಾಮೆರಾ ನೋಡೋದು ಆ ಟ್ರ್ಯಾಕರನ್ನ ಮಾತ್ರ. ಕ್ಯಾಮೆರಾಗೆ ಯಾರಾದ್ರೂ ಅಡ್ಡ ಬಂದ್ರೆ ಮೆಷಿನ್ ನಿಲ್ಲುತ್ತೆ, ಅದು ಒಳ್ಳೇದೇ. ಆದ್ರೆ ಯಾರದಾದ್ರೂ ಮೊಣಕೈ ತಗುಲಿ ಟ್ರ್ಯಾಕರ್ ಒಂದೆರಡು ಮಿಲಿಮೀಟರ್ ಸರಿದ್ರೆ, ಅದಕ್ಕೆ ಗೊತ್ತೇ ಆಗಲ್ಲ. ಸ್ಕ್ರೀನಲ್ಲಿ ಎಲ್ಲ ಸರಿಯಾಗೇ ಕಾಣುತ್ತೆ, ಕೊಯ್ಯೋದು ಮಾತ್ರ ಅಷ್ಟೇ ತಪ್ಪಿರುತ್ತೆ. ಅದಕ್ಕೇ ಮೂಳೆ ಮೇಲೆ ಮೊದಲೇ ಒಂದು ಗುರುತು ಮಾಡಿ, ಕೊಯ್ಯೋ ಮುಂಚೆ ಅದನ್ನ ಕಡ್ಡಿಯಿಂದ ಮತ್ತೆ ಮುಟ್ಟಿ ತಾಳೆ ನೋಡ್ತಾರೆ. ಸ್ಕ್ರೀನ್ ನಂಬಿ ಈ ಹೆಜ್ಜೆ ಬಿಡೋ ಡಾಕ್ಟರಿಗಿಂತ, ಅನುಮಾನ ಪಡೋ ಡಾಕ್ಟರೇ ವಾಸಿ.

ಅಮ್ಮಂಗೆ ಮೂಳೆ ಟೊಳ್ಳಾಗೋ ಕಾಯಿಲೆ (ಆಸ್ಟಿಯೋಪೊರೋಸಿಸ್) ಇದ್ರೆ ಮೊದಲೇ ಹೇಳಿಬಿಡಿ. ಟೊಳ್ಳು ಮೂಳೇಲಿ ಪಿನ್ನು ಸಡಿಲ ಆಗುತ್ತೆ. ಅಪರೂಪಕ್ಕೆ, ಪಿನ್ನು ತೆಗೆದ ತೂತಿನ ಜಾಗದಲ್ಲೇ ಆಮೇಲೆ ಬಿರುಕು ಬಿಡೋದೂ ಉಂಟು. ಮನೆಗೆ ಬಂದಮೇಲೆ ಮಂಡಿ ಬಿಟ್ಟು ತೊಡೇಲೋ ಕಣಕಾಲಲ್ಲೋ ಭಾರ ಹಾಕಿದಾಗ ಹೊಸದಾಗಿ ನೋವು ಬಂದ್ರೆ, ಫಿಸಿಯೋ ನಿಲ್ಲಿಸಿ ಎಕ್ಸ್‌ರೇ ಮಾಡಿಸಿ.

"ಮಧ್ಯದಲ್ಲಿ ಮೆಷಿನ್ ಕೈಕೊಟ್ರೆ ಕೈಯಲ್ಲೇ ಮುಗಿಸ್ತೀರಾ, ಮಾಮೂಲಿ ಆಪರೇಷನ್ ಸಲಕರಣೆ ಸೆಟ್ಟು ರೆಡಿ ಇರುತ್ತಾ?" ಅಂತ ಕೇಳಿ. ಉತ್ತರ ತಡವರಿಸದೆ ಬರಬೇಕು.

ದುಡ್ಡಿನ ವಿಷಯ: ರೋಬೋಟ್ ಇದ್ರೆ ಕೃತಕ ಕೀಲು ಕೂರಿಸೋದು ಹೆಚ್ಚು ಕರಾರುವಾಕ್ಕಾಗುತ್ತೆ, ನಿಜ. ಆದ್ರೆ ವರ್ಷ ಕಳೆದಮೇಲೆ ನೋವಲ್ಲಿ, ನಡಿಗೇಲಿ ದೊಡ್ಡ ವ್ಯತ್ಯಾಸ ಇದೆ ಅಂತ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ಇದಕ್ಕೋಸ್ಕರ ಸಾಲ ಮಾಡಬೇಡಿ. ಶುಗರ್ ಹತೋಟೀಲಿಡೋದು, ದಿನಾ ಮಂಡಿ ಮಡಚಿಸೋದು ರೋಬೋಟ್ ಮಾಡಲ್ಲ.

ಹಾಂ, ಸಿಟಿ ಸ್ಕ್ಯಾನ್ ಬರೆದ್ರೆ ಸೊಂಟದಿಂದ ಪಾದದ ಗಂಟಿನ ತನಕ ತೆಗೀತಾರೆ, ಗಾಬರಿ ಬೇಡ. ಕಾಲು ಅಲುಗಿದ್ರೆ ಮತ್ತೆ ತೆಗೀಬೇಕಾಗುತ್ತೆ ಅಂತ ಅಮ್ಮಂಗೆ ಹೇಳಿರಿ.